ಹೋಗುವವರ ಪಟ್ಟಿ

ಆಡಿದ ಮಾತು ನಿಜವಾಗಿಬಿಡುವ ಜನ ಕೆಲವರಿರುತ್ತಾರೆ. ನಮ್ಮ ಕಡೆ ಅಂಥವರ ನಾಲಿಗೆಯ ಮೇಲೆ ಕಪ್ಪು ಮಚ್ಚೆ ಇರುತ್ತದೆ ಎಂದು ಹೇಳುವ ವಾಡಿಕೆ. ನನ್ನ ಸೋದರತ್ತೆ ಪದ್ದತ್ತೆಗೆ ಇಂಥದೊಂದು ಮಚ್ಚೆ ಇತ್ತಂತೆ. ಇತ್ತಂತೆ ಎಂದೇಕೆ ಹೇಳುತ್ತೇನೆಂದರೆ ಅದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಪದ್ದತ್ತೆ ಬಾಯಿ ತೆರೆದರೆ ಸಾಕು, ಎಲ್ಲರೂ ಏನೋ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಿದ್ದರು. ಒಮ್ಮೆ ಆಕೆ ನಮ್ಮ ಹೊಸ ಮಿಕ್ಸಿಯನ್ನು ನೋಡಿ, ‘ಚೆನ್ನಾಗಿದೆ, ಎಷ್ಟು ದಿನ ಬರುತ್ತೋ’ ಅಂದಳು. ಅದು ಆ ಸಂಜೆಯೇ ಚಟ್ನಿಯ ಮಧ್ಯೆ ಹೊಗೆಯಾಡಿ ನಿಂತಿತು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಹೋದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ, ಐವತ್ತೆರಡು ವರ್ಷದ ನಾನು, ವಿಕ್ಸಮ್ ಎಂಬ ಊರಿನ ನಮ್ಮ ಮನೆಯ ಬಚ್ಚಲಿನ ಕನ್ನಡಿಯ ಮುಂದೆ ಫೋನಿನ ಟಾರ್ಚ್ ಹಾಕಿಕೊಂಡು ನಾಲಿಗೆಯನ್ನು ಗದ್ದದವರೆಗೂ ಚಾಚಿ ನೋಡಿಕೊಂಡೆ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ನಾಲಿಗೆ ಸ್ವಚ್ಛವಾಗಿತ್ತು. ಸಮಾಧಾನವಾಗುವ ಬದಲು ನನ್ನ ಭಯ ಹೆಚ್ಚಾಯಿತು.

ನಾನು ಡೆಟ್ರಾಯ್ಟ್ ಹತ್ತಿರದ ಒಂದು ಕಾಲೇಜಿನ ಐಸ್ ಹಾಕಿ ತಂಡದಲ್ಲಿ ಕೆಲಸ ಮಾಡುತ್ತೇನೆ. ಹೀಗೆಂದ ಕೂಡಲೇ ಜನ ನನ್ನ ಹೊಟ್ಟೆಯನ್ನು ನೋಡುತ್ತಾರೆ. ನಾನು ಆಡುವವನಲ್ಲ, ಆಡಿಸುವವನೂ ಅಲ್ಲ. ಸ್ಕೇಟ್ ಕಟ್ಟಿಕೊಂಡು ನಿಂತಿದ್ದು ಒಂದೇ ಸಲ. ಆಗಲೂ ನಿಂತಿದ್ದೆ ಎನ್ನುವುದು ದೊಡ್ಡ ಮಾತಾಯಿತು. ಮೊದಲು ಅಲ್ಲೇ ಹತ್ತಿರದ ಟ್ರಾಯ್ ಊರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ, ಯಾವ ಬೇರಿಂಗ್ ಯಾವಾಗ ಸವೆದು ಕೈಕೊಡುತ್ತದೆ ಎಂದು ಹೇಳುವ ಕೆಲಸದಲ್ಲಿದ್ದೆ. ಹದಿನಾಲ್ಕು ವರ್ಷ ಹೇಳಿದ ಮೇಲೆ ಕಂಪನಿ ನನಗೇ ಕೈಕೊಟ್ಟಿತು. ಅದೊಂದನ್ನು ನಾನು ಮುಂಚೆ ಹೇಳಲಾಗಲಿಲ್ಲ. ಆಮೇಲೆ ಸಿಕ್ಕಿದ್ದು ಈ ಕಾಲೇಜು. ಇಲ್ಲಿ ಬೇರಿಂಗ್ ಬದಲು ಹುಡುಗರು; ಯಾವ ಹುಡುಗ ಯಾವಾಗ ತಂಡ ಬಿಟ್ಟು ಹೋಗುತ್ತಾನೆ ಎಂದು ನಾನು ಹೇಳಬೇಕು. ಮಂಡ್ಯದಲ್ಲಿರುವ ನಮ್ಮಣ್ಣನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಅವನು, ‘ಐಸ್ ಮೇಲೆ ಯಾಕೋ ಆಡ್ತಾರೆ, ಪಾಪ, ಮೈದಾನ ಇಲ್ವಾ ಅವ್ರಿಗೆ?’ ಎಂದು ಕೇಳಿದ.

ಕಾಲೇಜು ಹಾಕಿಯಲ್ಲಿ ಒಬ್ಬ ಹುಡುಗನಿಗೆ ನಾಲ್ಕು ವರ್ಷ. ನಾಲ್ಕೂ ಮುಗಿಸಿ ಡಿಗ್ರಿ ಹಿಡಿದು ಹೋಗುವವರಿಂದ ತೊಂದರೆಯಿಲ್ಲ, ಅವರು ಯಾವತ್ತು ಹೋಗುತ್ತಾರೆಂದು ಬಂದ ದಿನವೇ ಗೊತ್ತಿರುತ್ತದೆ. ತೊಂದರೆಯೆಲ್ಲ ನಡುವೆ ಹೋಗುವವರದು. ಎರಡನೆಯ ವರ್ಷವೋ ಮೂರನೆಯ ವರ್ಷವೋ ಚೆನ್ನಾಗಿ ಆಡುತ್ತಿರುವಾಗ ಯಾವುದೋ ವೃತ್ತಿಪರ ತಂಡ ಕರೆಯುತ್ತದೆ, ಹುಡುಗ ಚೀಲ ಹೆಗಲಿಗೇರಿಸಿ ಹೊರಡುತ್ತಾನೆ. ಅವನ ಜಾಗಕ್ಕೆ ಬರಬೇಕಾದವನನ್ನು ಒಂದೆರಡು ವರ್ಷ ಮೊದಲೇ ಹುಡುಕಿ, ಮಾತುಕೊಟ್ಟು, ಕಾದಿರಿಸಿರಬೇಕು. ಬೇಗ ಕರೆಸಿಕೊಂಡರೆ ಒಂದು ಜಾಗಕ್ಕೆ ಇಬ್ಬರಾಗುತ್ತಾರೆ, ತಡವಾದರೆ ಜಾಗ ಖಾಲಿ ಬೀಳುತ್ತದೆ. ಮದುವೆಮನೆಯಲ್ಲಿ ಉಣ್ಣುವವರ ಬೆನ್ನ ಹಿಂದೆ ನಿಂತು ಮುಂದಿನ ಪಂಕ್ತಿಗೆ ಜಾಗ ಹಿಡಿಯುವವರನ್ನು ನೀವು ನೋಡಿರುತ್ತೀರಿ. ಕೂತವನು ಮಜ್ಜಿಗೆಗೆ ಬಂದನೋ ಇಲ್ಲವೋ ಎಂಬುದು ಅವರಿಗೆ ಬೆನ್ನು ನೋಡಿಯೇ ತಿಳಿಯುತ್ತದೆ. ನನ್ನ ಕೆಲಸವೂ ಅದೇ. ಸಂಬಳ ಸಿಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ನನ್ನ ಕೋಣೆ ಆಟದ ಅಂಕಣವನ್ನು ಹೆಪ್ಪುಗಟ್ಟಿಸುವ ಐಸ್ ಯಂತ್ರಗಳ ಪಕ್ಕದಲ್ಲಿದೆ. ಕಿಟಕಿಯಿಲ್ಲ. ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿರುವ ಜುಲೈನಲ್ಲೂ ನಾನು ಸ್ವೆಟರ್ ಹಾಕಿಕೊಂಡು ಕೂತಿರುತ್ತೇನೆ. ಗೋಡೆಯಾಚೆ ಯಂತ್ರ ದಿನವಿಡೀ ಗುಂಯ್‌ಗುಡುತ್ತದೆ, ನಡುನಡುವೆ ಥಟ್ಟನೆ ನಿಲ್ಲುತ್ತದೆ. ಅದು ನಿಂತಾಗಲೆಲ್ಲ ಯಾರೋ ಹಿಂದೆ ಬಂದು ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಎನಿಸಿ ನಾನು ಒಮ್ಮೆ ತಿರುಗಿ ನೋಡುತ್ತೇನೆ. ಎದುರಿಗೆ ಗೋಡೆಯಗಲದ ಬಿಳಿ ಬೋರ್ಡು, ಅದರ ಮೇಲೆ ಇಪ್ಪತ್ತಾರು ಹುಡುಗರ ಹೆಸರಿನ ಅಯಸ್ಕಾಂತದ ಪಟ್ಟಿಗಳು. ಇರುವವರು ಎಡಕ್ಕೆ, ಹೋಗುವವರು ಬಲಕ್ಕೆ. ಒಂದು ಮಧ್ಯಾಹ್ನ, ತಂಡವೆಲ್ಲ ಬೇರೆ ಊರಿಗೆ ಆಡಲು ಹೋಗಿದ್ದಾಗ, ಖಾಲಿ ಅಂಕಣದ ಸುತ್ತಲಿನ ಹಲಗೆಗೆ ಏನೋ ಬಡಿದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಯಾರೂ ಇಲ್ಲ. ಆಗಷ್ಟೇ ನಯಮಾಡಿದ ಐಸ್ ಮೇಲೆ ಗೋಲಿನಿಂದ ಬಾಗಿಲಿನವರೆಗೆ ಸ್ಕೇಟಿನ ಒಂದೇ ಒಂದು ಗೀರು. ಐಸ್ ನಯಮಾಡುವ ಗಾಡಿ ಓಡಿಸುವ ಮುದುಕ ವಾಲ್ಟರ್ ಬಾಗಿಲಲ್ಲೇ ನಿಂತು ಕಾಫಿ ಕುಡಿಯುತ್ತಿದ್ದ. ನಾನು ಆ ಗೀರನ್ನು ತೋರಿಸಿದೆ. ‘ಹೋಗುವವರು ಒಂದೇ ಸಲಕ್ಕೆ ಹೋಗಿಬಿಡುತ್ತಾರೆ ಅಂದುಕೊಂಡಿದ್ದೀಯಾ?’ ಎಂದು ಕೇಳಿ, ಅವನು ಗಾಡಿ ಹತ್ತಿ ಅದನ್ನು ಅಳಿಸಿದ. ಅವನು ತಮಾಷೆ ಮಾಡಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹುಡುಗ ಹೋಗುತ್ತಾನೆಂದು ನಾನು ಹೇಗೆ ಕಂಡುಹಿಡಿಯುತ್ತಿದ್ದೆ ಎಂದರೆ, ಕೋಚ್‌ಗೆ ಅಂಕಿಅಂಶದ ಹಾಳೆಗಳನ್ನು ಕೊಡುತ್ತಿದ್ದೆನಾದರೂ ನಿಜವಾಗಿ ನೋಡುತ್ತಿದ್ದದ್ದು ಬೇರೆ. ಹೋಗುವವನು ಮೊದಲು ದೂರುವುದನ್ನು ನಿಲ್ಲಿಸುತ್ತಾನೆ. ಬಸ್ಸು ಸರಿಯಿಲ್ಲ, ಊಟ ಸರಿಯಿಲ್ಲ, ಬಚ್ಚಲಿನಲ್ಲಿ ಬಿಸಿನೀರಿಲ್ಲ ಎಂದು ಎರಡು ವರ್ಷ ಬೊಬ್ಬೆ ಹಾಕಿದವನು ಒಂದು ದಿನ ತಣ್ಣೀರಿನಲ್ಲಿ ಸ್ನಾನ ಮಾಡಿ ಸುಮ್ಮನೆ ಹೊರಬರುತ್ತಾನೆ. ಆಮೇಲೆ ಎರವಲು ತಂದದ್ದನ್ನು ವಾಪಸು ಕೊಡುತ್ತಾನೆ. ಇಷ್ಟು ದಿನ ಕಣ್ಣಿಗೇ ಬೀಳದಿದ್ದ ಕೆಲಸದವರನ್ನು ಹೆಸರು ಹಿಡಿದು ಮಾತಾಡಿಸುತ್ತಾನೆ. ಇಂಥ ಮೂರು ಲಕ್ಷಣ ಕಂಡರೆ ನಾನು ಅವನ ಪಟ್ಟಿಯನ್ನು ಬಲಕ್ಕೆ ಸರಿಸುತ್ತಿದ್ದೆ. ಮೊದಲ ವರ್ಷ ಮೂವರನ್ನು ಸರಿಸಿದೆ, ಮೂವರೂ ಹೋದರು. ಮರುವರ್ಷ ನಾಲ್ವರು. ಅವರಲ್ಲೊಬ್ಬ ಏಪ್ರಿಲ್‌ನಲ್ಲಿ ಕಣ್ಣೀರಿಟ್ಟು ‘ಈ ತಂಡ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ’ ಎಂದು ಎಲ್ಲರ ಮುಂದೆ ಹೇಳಿ ಮೇ ತಿಂಗಳಲ್ಲಿ ಹೋದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರ ಪೆಟ್ಟಿಗೆಗಳ ಮೇಲುಗಡೆ ಅಂಟಿಸಿದ್ದ ಹೆಸರು ಕಿತ್ತ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿಯಿತು.

ನನ್ನ ಹೆಸರು ಕಾಲೇಜಿನಲ್ಲಿ ಬೆಳೆಯಿತು. ಮೊದಮೊದಲು ಅದು ಹಿತವಾಗಿತ್ತು. ಆಮೇಲೆ ಹುಡುಗರು ನಾನು ಎದುರು ಬಂದರೆ ದಾರಿ ಬದಲಿಸುವುದು ಕಣ್ಣಿಗೆ ಬಿತ್ತು. ನನ್ನ ಮುಂದೆ ಸುಮ್ಮಸುಮ್ಮನೆ ಬಿಸಿನೀರಿಲ್ಲ ಎಂದು ಜೋರಾಗಿ ದೂರುತ್ತಿದ್ದರು. ಒಬ್ಬನ ತಾಯಿ ಒಂದು ಡಬ್ಬಿ ಕುಕೀಸ್ ತಂದು ನನ್ನ ಮೇಜಿನ ಮೇಲಿಟ್ಟು, ‘ನನ್ನ ಮಗನ ಬಗ್ಗೆ ದಯವಿಟ್ಟು ಏನೂ ಯೋಚನೆ ಮಾಡಬೇಡಿ’ ಎಂದು ಕೇಳಿಕೊಂಡರು. ಕುಕೀಸ್ ಚೆನ್ನಾಗಿದ್ದವು. ತಿನ್ನುವಾಗ ನನಗೆ ಪದ್ದತ್ತೆಯ ನೆನಪಾಯಿತು. ಆಕೆಗೂ ಮದುವೆಮನೆಗಳಲ್ಲಿ ಎಲ್ಲರಿಗಿಂತ ಮೊದಲು ಎಲೆ ಹಾಕಿ, ಉಪಚಾರ ಮಾಡಿ, ಬೇಗ ಕಳಿಸಿಬಿಡುತ್ತಿದ್ದರು.

ಇನ್ನು ಮನೆಯ ವಿಷಯ. ನಮಗೆ ಒಬ್ಬಳೇ ಮಗಳು, ನಿಧಿ. ಮನೆಯಿಂದಲೇ ಡ್ರೈವ್ ಮಾಡಿಕೊಂಡು ಹತ್ತಿರದ ಬೇರೊಂದು ಕಾಲೇಜಿಗೆ ಹೋಗುತ್ತಿದ್ದಳು, ಆಗ ಮೂರನೆಯ ವರ್ಷ. ಹೈಸ್ಕೂಲಿನಲ್ಲೇ ಒಂದಷ್ಟು ಕಾಲೇಜು ಪಾಠ ಮುಗಿಸಿದ್ದರಿಂದ ಬೇಕೆಂದರೆ ಆ ಮೇ ತಿಂಗಳಿಗೇ ಡಿಗ್ರಿ ಮುಗಿಸಬಹುದಿತ್ತು, ಇಲ್ಲವೇ ಇನ್ನೊಂದು ಮುಖ್ಯ ವಿಷಯವನ್ನು, ಇಲ್ಲಿಯವರ ಮಾತಿನಲ್ಲಿ ಮೇಜರ್, ಸೇರಿಸಿಕೊಂಡು ನಾಲ್ಕನೆಯ ವರ್ಷವೂ ಮನೆಯಲ್ಲೇ ಇರಬಹುದಿತ್ತು. ಹಿಂದಿನ ಬೇಸಿಗೆಯಲ್ಲಿ ಇಂಟರ್ನ್ ಆಗಿದ್ದ ಚಿಕಾಗೋ ಕಡೆಯ ಲಿಸ್ಲ್‌ನ ಕಂಪನಿಯಿಂದ ಕೆಲಸದ ಆಫರ್ ಬಂದು ಕೂತಿತ್ತು. ಅವಳು ಏನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ಒಂದು ವರ್ಷ ಅವಳು ಮನೆಯಲ್ಲಿರಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಕೇಳಿದರೆ ಎಲ್ಲಿ ಇಲ್ಲವೆಂದುಬಿಡುತ್ತಾಳೋ ಎಂದು ಊಟದ ಹೊತ್ತಿನಲ್ಲಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದೆ.

ಹೀಗಿರುವಾಗ ನವೆಂಬರ್‌ನ ಒಂದು ಬೆಳಿಗ್ಗೆ ನನ್ನ ಹೆಂಡತಿ ಸುಮಾ ಗ್ಯಾರೇಜಿನವರೆಗೂ ನನ್ನ ಹಿಂದೆ ಬಂದು ಪಿಸುದನಿಯಲ್ಲಿ ಹೇಳಿದಳು: ‘ರೀ, ಇವ್ಳು ಉಪ್ಪಿಟ್ಟು ತಿಂದ್ಲು. ಏನೂ ಅನ್ಲಿಲ್ಲ.’ ನನ್ನ ಕೈಯಲ್ಲಿದ್ದ ಕಾರಿನ ಕೀಲಿ ತಣ್ಣಗಾಯಿತು. ನಿಧಿ ಹುಟ್ಟಿದಾಗಿನಿಂದ ಉಪ್ಪಿಟ್ಟಿನ ಮೇಲೆ ಯುದ್ಧ ಸಾರಿದವಳು. ತಟ್ಟೆಯಲ್ಲಿ ಅದನ್ನು ಕಂಡರೆ ಸಾಕು, ಇಂಗ್ಲಿಷಿನಲ್ಲಿ ಒಂದು ಭಾಷಣವಾಗುತ್ತಿತ್ತು. ‘ಎಷ್ಟು ತಿಂದ್ಲು?’ ಎಂದು ಕೇಳಿದೆ. ‘ಎರಡು ಸಲ ಹಾಕಿಸ್ಕೊಂಡ್ಲು’ ಎಂದಳು ಸುಮಾ. ಆ ವಾರವೇ ಇನ್ನೊಂದನ್ನು ಗಮನಿಸಿದೆ. ನಾನು ಮನೆಯ ಹೀಟರನ್ನು ಎಪ್ಪತ್ತನಾಲ್ಕಕ್ಕೆ ಏರಿಸುವುದು, ಅವಳು ಬಂದು ಅರವತ್ತೆಂಟಕ್ಕೆ ಇಳಿಸುವುದು, ಇದು ಹತ್ತು ವರ್ಷದ ಜಗಳ. ಈಗ ಏರಿಸಿದ್ದು ಏರಿಸಿದ ಹಾಗೆಯೇ ಇರುತ್ತಿತ್ತು. ಮನೆ ಬೆಚ್ಚಗಿತ್ತು, ನನಗೆ ಮಾತ್ರ ಐಸ್ ಯಂತ್ರದ ಪಕ್ಕ ಕೂತ ಹಾಗೆಯೇ ಆಗುತ್ತಿತ್ತು. ಮೂರನೆಯ ಲಕ್ಷಣವಾಗಿ ಅವಳು ನನ್ನಿಂದ ಎರವಲು ಪಡೆದಿದ್ದ ಛತ್ರಿ ಬಾಗಿಲ ಹಿಂದೆ ಬಂದು ನಿಂತಿತು.

ಅದೇ ಭಾನುವಾರ ಅಣ್ಣನ ಫೋನು ಬಂತು. ಅವನ ಮಗಳು ಪಲ್ಲವಿಗೆ ನಮ್ಮ ಊರಿನ ಹತ್ತಿರವೇ ಎಂ.ಎಸ್.ಗೆ ಸೀಟು ಸಿಗುವ ಹಾಗಿದೆ, ಆಗಸ್ಟಿನಲ್ಲಿ ಬಂದರೆ ಇಳಿದುಕೊಳ್ಳಲು ಏನು ಮಾಡುವುದು ಎಂಬುದು ಅವನ ಚಿಂತೆ. ಖಾಲಿ ಜಾಗವೆಂದರೆ ನನಗೆ ಭಯ. ಅದು ನೌಕರಿಯಿಂದ ಅಂಟಿದ ರೋಗ. ‘ಯೋಚ್ನೆ ಮಾಡ್ಬೇಡ ಅಣ್ಣ, ಆಗಸ್ಟ್ ಹೊತ್ಗೆ ನಿಧಿ ರೂಮ್ ಖಾಲಿ ಆಗುತ್ತೆ’ ಎಂದೆ. ‘ನಿಧಿ ಎಲ್ಲೋಗ್ತಾಳೋ?’ ಎಂದ. ‘ಹೋಗ್ತಾಳೆ.’ ‘ಅವ್ಳು ಹೇಳಿದ್ಲಾ?’ ‘ಹೇಳೋದೇನ್ ಬಂತು, ನಂಗೆ ಗೊತ್ತಾಗುತ್ತೆ.’ ಫೋನಿಟ್ಟ ಮೇಲೆ ಮೆಟ್ಟಿಲಿನ ಮೇಲ್ಗಡೆ ಒಂದು ಹಲಗೆ ಕಿರ್ರೆಂದಿತು. ಹಳೆಯ ಮನೆ, ಚಳಿಗೆ ಮರ ಹಾಗೆ ಸದ್ದು ಮಾಡುತ್ತದೆ ಎಂದುಕೊಂಡು ನಾನು ಟೀವಿ ಹಾಕಿದೆ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕೋಚ್ ನನ್ನ ಕೋಣೆಗೆ ಬಂದು ಬೋರ್ಡಿನ ಮುಂದೆ ಕೈಕಟ್ಟಿ ನಿಂತ. ‘ಮೂರ್ತಿ, ಈ ನಿಧಿ ಯಾರು? ಎಡಗೈಯವನೋ ಬಲಗೈಯವನೋ?’ ಎಂದು ಕೇಳಿದ. ನಾನು ತಲೆಯೆತ್ತಿ ನೋಡಿದೆ. ಮೂರನೆಯ ವರ್ಷದವರ ಸಾಲಿನಲ್ಲಿ, ಎಡಬದಿಯಲ್ಲಿ, ಉಳಿಯುವವರ ನಡುವೆ ಇಪ್ಪತ್ತೇಳನೆಯ ಪಟ್ಟಿಯೊಂದು ಅಂಟಿಕೊಂಡಿತ್ತು. ಅಕ್ಷರ ನನ್ನದೇ. ಅದನ್ನು ಬರೆದದ್ದಾಗಲೀ ಅಂಟಿಸಿದ್ದಾಗಲೀ ನನಗೆ ನೆನಪಿರಲಿಲ್ಲ, ಇವತ್ತಿಗೂ ನೆನಪಾಗಿಲ್ಲ. ಕೋಚ್ ಹತ್ತಿರ ಹೋಗಿ ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದತೊಡಗಿದ. ಡಿಗ್ರಿಗೆ ಬೇಕಾದದ್ದೆಲ್ಲ ಮೇ ತಿಂಗಳಿಗೆ ಮುಗಿಯುತ್ತದೆ. ಚಿಕಾಗೋ ಕಡೆಯಿಂದ ಆಫರ್ ಇದೆ. ದೂರುವುದನ್ನು ನಿಲ್ಲಿಸಿಯಾಗಿದೆ. ಎರವಲು ತೀರಿಸಿಯಾಗಿದೆ. ‘ಇವನನ್ನು ಇಲ್ಲೇಕೆ ಇಟ್ಟಿದ್ದೀಯಾ? ಇವನು ಹೋದ ಹಾಗೆಯೇ’ ಎಂದು ಕೋಚ್ ಆ ಪಟ್ಟಿಯನ್ನು ಎರಡು ಬೆರಳಲ್ಲಿ ಬಲಕ್ಕೆ ಸರಿಸಿದ. ‘ಈ ಜಾಗಕ್ಕೆ ಯಾರಾದರೂ ಇದ್ದಾರಾ?’ ‘ಇದ್ದಾಳೆ, ಪಲ್ಲವಿ ಅಂತ. ಆಗಸ್ಟಿಗೆ ಬರುತ್ತಾಳೆ’ ಎಂದೆ. ‘ಗುಡ್’ ಎಂದು ಅವನು ಹೊರಟುಹೋದ. ಯಾರೂ ನಂಬಲಾರರು, ಆ ಒಂದು ಕ್ಷಣ ನನಗೆ ಹೆಮ್ಮೆಯಾಗಿತ್ತು. ಮರುದಿನ ಬೆಳಿಗ್ಗೆಯೇ ನಾನು ಕನ್ನಡಿಯ ಮುಂದೆ ನಾಲಿಗೆ ಚಾಚಿ ನಿಂತದ್ದು.

ಮಾರ್ಚಿನಲ್ಲಿ ಕೋಲ್ ಬಂದ. ಕೋಲ್ ನಮ್ಮ ಗೋಲ್‌ಕೀಪರ್, ಅವನದೂ ಮೂರನೆಯ ವರ್ಷ. ಅಕ್ಟೋಬರಿನಲ್ಲೇ ಅವನ ಪಟ್ಟಿಯನ್ನು ನಾನು ಬಲಕ್ಕೆ ಸರಿಸಿದ್ದೆ. ಕೋಚ್ ಅದನ್ನು ನಂಬಿ, ಅದರ ಮರುವರ್ಷ ಬರಬೇಕಿದ್ದ ಕೆನಡಾದ ಗೋಲ್‌ಕೀಪರ್ ಹುಡುಗನನ್ನು ಬರುವ ಆಗಸ್ಟಿಗೇ ಬಾ ಎಂದು ಕರೆದಿದ್ದ. ಆಟಗಾರರು ಯಾರೂ ನನ್ನ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ. ಕೋಲ್ ಬಂದು, ಬಾಗಿಲು ಹಾಕಿ, ಎದುರಿನ ಕುರ್ಚಿಯಲ್ಲಿ ಕೂತ. ತಾನು ಒಂದು ವೃತ್ತಿಪರ ತಂಡಕ್ಕೆ ಸಹಿ ಹಾಕಿದ್ದಾಗಿ ಹೇಳಿದ. ಅಭಿನಂದನೆ ಹೇಳಿದೆ. ‘ನನಗಿಂತ ಮೊದಲು ನಿಮಗೆ ಗೊತ್ತಾಗಿತ್ತಂತೆ, ಹೇಗೆ?’ ಎಂದು ಕೇಳಿದ. ಅವನಿಗೆ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ‘ಅಕ್ಟೋಬರಿನಲ್ಲಿ ನೀನು ಐಸ್ ಗಾಡಿಯ ಮುದುಕನನ್ನು ವಾಲ್ಟರ್ ಎಂದು ಹೆಸರು ಹಿಡಿದು ಮಾತಾಡಿಸಿದೆ.’ ಕೋಲ್ ತಲೆಯಾಡಿಸಿದ. ‘ವಾಲ್ಟರ್ ನನ್ನ ತಾತನ ಹೆಸರು. ತಾತ ಆಗ ತೀರಿಕೊಂಡಿದ್ದರು. ಆ ಹೆಸರು ಬಾಯಲ್ಲಿ ಬರಲಿ ಅಂತ ಕರೆದೆ.’ ಗೋಡೆಯಾಚೆ ಯಂತ್ರ ನಿಂತಿತು. ‘ನಾನು ಇಲ್ಲೇ ಇದ್ದು ಡಿಗ್ರಿ ಮುಗಿಸುವವನಿದ್ದೆ. ಕೆನಡಾದ ಹುಡುಗ ನಮ್ಮ ತಂಡದ ಟೋಪಿ ಹಾಕಿಕೊಂಡು ಇಂಟರ್ನೆಟ್ಟಿನಲ್ಲಿ ಫೋಟೋ ಹಾಕಿದ್ದನ್ನು ಅಮ್ಮ ತೋರಿಸಿದಳು. ನನ್ನ ಜಾಗ ಹೋಗಿದೆ ಎಂದು ಗೊತ್ತಾಯಿತು. ಆಮೇಲೆ ಆ ತಂಡಕ್ಕೆ ಫೋನ್ ಮಾಡಿದೆ’ ಎಂದು ಅವನು ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಯಾಗಿ ಸರಿಸಿಟ್ಟು ಹೋದ.

ನಾನು ಬೋರ್ಡನ್ನು ನೋಡುತ್ತ ಕೂತೆ. ಎರಡು ವರ್ಷಗಳಲ್ಲಿ ಬಲಕ್ಕೆ ಸರಿಸಿದ ಒಂದೊಂದೇ ಹೆಸರು ನೆನಪಾಯಿತು. ಅವರಲ್ಲಿ ಎಷ್ಟು ಮಂದಿ ತಾವಾಗಿ ಹೊರಟಿದ್ದರು, ಎಷ್ಟು ಮಂದಿ ನನ್ನ ಬೆರಳಿಗೆ ಹೊರಟರು ಎಂದು ಯಾರನ್ನು ಕೇಳುವುದು. ಭವಿಷ್ಯ ಗೊತ್ತಿದ್ದವನ ಭಯಕ್ಕಿಂತ ಈ ಭಯ ಬಹಳ ದೊಡ್ಡದಾಗಿತ್ತು. ಆಮೇಲೆ ಇಪ್ಪತ್ತೇಳನೆಯ ಪಟ್ಟಿ ಕಣ್ಣಿಗೆ ಬಿತ್ತು, ನಾನು ಕೋಟನ್ನೂ ಮರೆತು ಕಾರಿಗೆ ಓಡಿದೆ.

ನಿಧಿ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ನಿಂತಲ್ಲೇ ಕೇಳಿದೆ: ‘ನಿಧಿ, ನವೆಂಬರ್‌ನಲ್ಲಿ ನೀನು ಉಪ್ಪಿಟ್ಟು ಯಾಕಮ್ಮಾ ತಿಂದೆ?’ ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರಿಸಿದಳು. ಅದು ರೂಟ್ ಕೆನಾಲ್ ಆದ ವಾರ, ಟೋಸ್ಟ್ ಅಗಿಯಲು ಆಗುತ್ತಿರಲಿಲ್ಲ, ಉಪ್ಪಿಟ್ಟು ಮೆತ್ತಗಿತ್ತು. ಆ ಡೆಂಟಿಸ್ಟ್ ಬಳಿ ಅವಳನ್ನು ಕರೆದುಕೊಂಡು ಹೋಗಿದ್ದವನು ನಾನೇ. ‘ಮತ್ತೆ ಹೀಟರ್?’ ಎಂದೆ. ‘ನೀನು ಕೆಲಸದಿಂದ ನಡುಗುತ್ತ ಬರುತ್ತಿದ್ದೆ, ಪಾಪ ಅನ್ನಿಸಿತು’ ಎಂದಳು. ಛತ್ರಿಯ ವಿಷಯ ಕೇಳುವ ಧೈರ್ಯ ನನಗಾಗಲಿಲ್ಲ. ‘ಹಾಗಾದ್ರೆ ಇನ್ನೊಂದ್ ವರ್ಷ ಇಲ್ಲೇ ಇರ್ತೀಯಾ?’ ಎಂದು ಆರು ತಿಂಗಳ ಹಿಂದೆ ಕೇಳಬೇಕಿದ್ದುದನ್ನು ಕೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಇರಬೇಕೆಂದೇ ಇತ್ತಂತೆ. ಎರಡನೆಯ ಮೇಜರ್‌ಗೆ ಅರ್ಜಿ ಕೂಡ ತುಂಬಿಟ್ಟಿದ್ದಳಂತೆ. ಆದರೆ ದೊಡ್ಡಪ್ಪನಿಗೆ ನಾನು ಫೋನಿನಲ್ಲಿ ಹೇಳಿದ್ದು ಮೆಟ್ಟಿಲ ಮೇಲಿದ್ದವಳ ಕಿವಿಗೆ ಬಿತ್ತು. ಪಲ್ಲವಿಗೆ ರೂಮು ಬೇಕಲ್ಲ. ‘ನೀನು ಎಲ್ಲ ಪ್ಲ್ಯಾನ್ ಮಾಡಿರ್ತೀಯಾ ಅಂದ್ಕೊಂಡೆ. ಇಟ್ಸ್ ಓಕೆ, ಅಪ್ಪ’ ಎಂದಳು. ಲಿಸ್ಲ್‌ನ ಕೆಲಸಕ್ಕೆ ಹಿಂದಿನ ವಾರವೇ ಸಹಿ ಹಾಕಿ ಕಳಿಸಿದ್ದಳು. ಹಿಂದೆ ನಿಂತಿದ್ದ ಸುಮಾ ನನ್ನನ್ನು ಏನೂ ಅನ್ನಲಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಏನೂ ಅನ್ನದೇ ಇದ್ದದ್ದು ಅದೇ ಮೊದಲು, ನನಗೆ ಬೇರೆ ಭಯ ಹುಟ್ಟಿತು.

ಜೂನ್‌ನಲ್ಲಿ ನಿಧಿ ಹೋದಳು. ಐದು ಗಂಟೆಯ ಡ್ರೈವ್, ನಾನೇ ಬಿಟ್ಟುಬಂದೆ. ಅಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ; ಬರುವ ದಾರಿಯಲ್ಲಿ ಆ ಒಂದು ಗಂಟೆ ಎಲ್ಲಿ ಕಳೆದುಹೋಯಿತೆಂದು ಹುಡುಕುವವನ ಹಾಗೆ ನಿಧಾನವಾಗಿ ಬಂದೆ. ಜುಲೈನಲ್ಲಿ ಪಲ್ಲವಿ ಫೋನ್ ಮಾಡಿ, ‘ಸಾರಿ ಚಿಕ್ಕಪ್ಪ, ಡಲ್ಲಾಸ್ ಯೂನಿವರ್ಸಿಟಿ ಬೆಟರ್ ಅಂತ ಎಲ್ರೂ ಹೇಳಿದ್ರು, ಅಲ್ಲಿಗೇ ಹೋಗ್ತಿದೀನಿ’ ಎಂದಳು. ಮಾತುಕೊಟ್ಟ ಹುಡುಗ ಕೊನೆಗಳಿಗೆಯಲ್ಲಿ ಬೇರೆ ಕಾಲೇಜಿಗೆ ಹೋಗುವುದು ಹಾಕಿಯಲ್ಲಿ ಹೊಸದೇನಲ್ಲ. ಹಾಗಾಗಿ ಆ ರೂಮು ಖಾಲಿಯೇ ಇದೆ. ಹಗಲು ಹೊತ್ತಿನಲ್ಲೂ ಅದರ ಮುಂದೆ ಹಾದುಹೋಗುವಾಗ ಒಳಗೆ ಹಾಸಿಗೆ ಕಿರ್ರೆಂದ ಹಾಗಾಗುತ್ತದೆ. ನೋಡಿದರೆ ಗೋಡೆಯ ಮೇಲೆ ಅವಳ ಫೋಟೋಗಳಿದ್ದ ಜಾಗಗಳಷ್ಟೇ ಬೆಳ್ಳಗೆ ಕಾಣುತ್ತವೆ. ಮನೆಯ ಹೀಟರನ್ನು ಯಾರಾದರೂ ಬಂದು ಇಳಿಸಲಿ ಎಂದು ಎಪ್ಪತ್ತಾರಕ್ಕೆ ಇಡುತ್ತೇನೆ, ಯಾರೂ ಇಳಿಸುವುದಿಲ್ಲ.

ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ವಾರ ನಿಧಿಯ ಫೋನು ಬಂತು. ಸುಮಾ ಮಾತಾಡಿ, ಆಮೇಲೆ ಫೋನನ್ನು ನನ್ನತ್ತ ಚಾಚಿ ಮುಖ ಬೇರೆ ಕಡೆ ತಿರುಗಿಸಿ ಹೇಳಿದಳು: ‘ರಜಕ್ಕೆ ಬರ್ತಾಳಂತೆ. ರೂಮ್ ಖಾಲಿ ಇದ್ಯಾ, ಇಲ್ಲ ಹೋಟೆಲ್ ಬುಕ್ ಮಾಡ್ಲಾ ಅಂತ ಕೇಳ್ತಿದಾಳೆ. ನೀವೇ ಹೇಳಿ.’ ನಿಧಿ ತಮಾಷೆಗೆ ಕೇಳಿರಲಿಲ್ಲ, ನೆಂಟರ ಮನೆಗೆ ಬರುವವರು ಕೇಳುವಷ್ಟು ಮರ್ಯಾದೆಯಿಂದಲೇ ಕೇಳಿದ್ದಳು. ನಾನು ಫೋನು ತೆಗೆದುಕೊಂಡೆ. ಹೇಳಬೇಕಾದದ್ದು ನೂರಿತ್ತು. ಅದು ನಿನ್ನ ರೂಮಮ್ಮಾ ಎನ್ನಬೇಕಿತ್ತು, ನಾನು ಕತ್ತೆ ಎನ್ನಬೇಕಿತ್ತು, ಇವತ್ತೇ ಹೊರಡು ಎನ್ನಬೇಕಿತ್ತು. ಬಾಯಿ ತೆರೆದರೆ, ‘ಎಷ್ಟು ದಿನಕ್ಕಮ್ಮಾ?’ ಎಂಬ ಮಾತು ಹೊರಬಂತು. ‘ಭಾನುವಾರದವರೆಗೆ’ ಎಂದಳು ನಿಧಿ. ನಾನು ಬರೆದುಕೊಂಡೆ.